ಶಾಲೆಯ ಪಾಠ, ಮನೆಯ ಚೀಟಿ

ಮಕ್ಕಳ ಮುಂದೆ ಆಡಬಾರದ ಮಾತು ಎಂದು ಒಂದುಂಟು. ಮಕ್ಕಳಿಗೆ ಹೇಳದೆ ವಿಧಿಯಿಲ್ಲದ ಮಾತು ಎಂದು ಮತ್ತೊಂದುಂಟು. ಇವೆರಡೂ ಒಂದೇ ಮಾತಾಗಿಬಿಟ್ಟರೆ ಹಿರಿಯರ ಪಾಡು ಏನಾಗುತ್ತದೆ ಎಂಬುದನ್ನು ನೋಡಬೇಕೆಂದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಶಾಲೆಗಳ ಚರಿತ್ರೆಯನ್ನು ನೋಡಬೇಕು. ಗಂಡುಹೆಣ್ಣುಗಳ ಶರೀರಧರ್ಮ, ಸಂತಾನೋತ್ಪತ್ತಿ, ಅದಕ್ಕೆ ಸಂಬಂಧಪಟ್ಟ ರೋಗಗಳು, ನಡತೆ—ಇವುಗಳನ್ನು ಸರ್ಕಾರಿ ಶಾಲೆಯಲ್ಲಿ ಕಲಿಸಬೇಕೆ ಬೇಡವೆ ಎಂದು ಆ ದೇಶದವರು ನೂರು ವರ್ಷಕ್ಕೂ ಮೇಲ್ಪಟ್ಟು ವಾದಿಸುತ್ತಿದ್ದಾರೆ. ವಾದ ಇನ್ನೂ ಮುಗಿದಿಲ್ಲ.

ಮುಗಿಯದಿರುವುದಕ್ಕೆ ಒಂದು ಕಾರಣ ಅಲ್ಲಿನ ರಾಜ್ಯಾಂಗದಲ್ಲೇ ಇದೆ. ಅಮೆರಿಕದ ಸಂವಿಧಾನದಲ್ಲಿ ವಿದ್ಯಾಭ್ಯಾಸದ ಪ್ರಸ್ತಾಪವೇ ಇಲ್ಲ. ಶಾಲೆ ಎಂಬುದು ಆಯಾ ಸಂಸ್ಥಾನಕ್ಕೆ ಸೇರಿದ್ದು. ಸಂಸ್ಥಾನದವರು ಅದನ್ನು ಊರೂರಿನ ಶಾಲಾ ಮಂಡಳಿಗಳಿಗೆ ವಹಿಸಿದ್ದಾರೆ. ಅಂಥ ಶಾಲಾ ಜಿಲ್ಲೆಗಳು ದೇಶದಲ್ಲಿ ಸುಮಾರು ೧೩,೦೦೦ ಇವೆ. ಬಹುಮಟ್ಟಿಗೆ ಮಂಡಳಿಯ ಸದಸ್ಯರು ಊರಿನವರಿಂದಲೇ ಚುನಾಯಿತರಾದವರು. ಆದ್ದರಿಂದ ಒಂದು ಸಂಸ್ಥಾನದಲ್ಲಿ ಕಡ್ಡಾಯವಾದ ಪಾಠ ಗಡಿ ದಾಟಿದರೆ ನಿಷಿದ್ಧ. ಒಂದು ಊರಿನಲ್ಲಿ ಮೆಚ್ಚಿ ಒಪ್ಪಿದ ಪಾಠ ಮುಂದಿನ ಚುನಾವಣೆಯಾದ ಮರುದಿನ ಮಾಯ. ಈ ಕಥೆಯಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ ಏನನ್ನು ಹೇಳಬೇಕು ಎಂಬುದಕ್ಕಿಂತ ಹೆಚ್ಚಾಗಿ ಯಾರು ಹೇಳಬೇಕು, ಯಾರ ಅಪ್ಪಣೆ ಪಡೆದು ಹೇಳಬೇಕು ಎಂಬುದೇ.

ಆದರೆ ಮೊದಲು ಅಂಚೆಯ ಕಥೆಯಿಂದ ಹೊರಡಬೇಕು. ೧೮೭೩ರಲ್ಲಿ ಅಮೆರಿಕದ ಕಾಂಗ್ರೆಸ್ ಸಭೆ ಒಂದು ಶಾಸನ ಮಾಡಿತು. ಅಶ್ಲೀಲವೆನ್ನಿಸಿದ ಯಾವ ಪುಸ್ತಕ, ಚಿತ್ರ, ಪತ್ರವನ್ನೂ ಟಪಾಲಿನಲ್ಲಿ ಕಳುಹಿಸಕೂಡದು. ಸಂತಾನ ನಿರೋಧದ ಸಾಧನಗಳನ್ನಾಗಲಿ, ಅವುಗಳ ವಿಷಯದ ತಿಳುವಳಿಕೆಯನ್ನಾಗಲಿ ಕಳುಹಿಸಕೂಡದು. ಇದನ್ನು ಹಠ ಹಿಡಿದು ಮಾಡಿಸಿದವನು ಆಂಥೊನಿ ಕಾಮ್‌ಸ್ಟಾಕ್. ಶಾಸನವಾದ ಮೇಲೆ ಅಂಚೆ ಇಲಾಖೆಯ ವಿಶೇಷ ಅಧಿಕಾರಿಯಾಗಿ ಅದನ್ನು ಜಾರಿಗೆ ತರುವ ಕೆಲಸವನ್ನೂ ಅವನೇ ವಹಿಸಿಕೊಂಡ. ೧೯೧೫ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಪೋಲಿ ಚಿತ್ರಗಳನ್ನು ಮಾರುವವರ ಜೊತೆಗೆ ವೈದ್ಯರೂ, ಶುಶ್ರೂಷಕಿಯರೂ, ಗ್ರಂಥಕರ್ತರೂ ಒಂದೇ ಬಲೆಗೆ ಬಿದ್ದರು. ಶರೀರಶಾಸ್ತ್ರಕ್ಕೂ ಅಶ್ಲೀಲಕ್ಕೂ ನಡುವಣ ಗೆರೆಯನ್ನು ಎಳೆಯುವ ಅಧಿಕಾರ ಹೀಗೆ ಟಪಾಲು ಕಚೇರಿಗೆ ಸೇರಿತು!

೧೯೧೩ರ ಆರಂಭದಲ್ಲಿ ನ್ಯೂಯಾರ್ಕಿನ ಒಂದು ಸಮಾಜವಾದಿ ದಿನಪತ್ರಿಕೆಯಲ್ಲಿ ಮಾರ್ಗರೆಟ್ ಸ್ಯಾಂಗರ್ ಎಂಬ ದಾದಿ ಹೆಣ್ಣುಮಕ್ಕಳು ತಿಳಿಯಬೇಕಾದ ವಿಷಯಗಳನ್ನು ಕುರಿತು ವಾರವಾರವೂ ಬರೆಯುತ್ತಿದ್ದರು. ಮೇಹರೋಗಗಳ ಹೆಸರು ಹಿಡಿದು ಬರೆದ ಕಂತಿಗೆ ಅಂಚೆಯವರು ತಡೆ ಹಾಕಿದರು. ಆ ವಾರ ಪತ್ರಿಕೆ ಅಂಕಣದ ಶೀರ್ಷಿಕೆಯನ್ನು ಎಂದಿನಂತೆ ಅಚ್ಚು ಹಾಕಿ, ಅದರ ಕೆಳಗೆ ಹೆಣ್ಣುಮಕ್ಕಳು ತಿಳಿಯಬೇಕಾದ್ದು ಏನೂ ಇಲ್ಲ, ಇದು ಅಂಚೆ ಇಲಾಖೆಯ ಅಪ್ಪಣೆ ಎಂದಷ್ಟೇ ಹಾಕಿ, ಉಳಿದ ಜಾಗವನ್ನು ಖಾಲಿ ಬಿಟ್ಟಿತು.

ಇಷ್ಟು ಬಿಗಿಯಿದ್ದರೂ ಮಾತು ಹೊರಬಿದ್ದದ್ದು ಏಕೆ? ವೈದ್ಯರ ಕಳವಳದಿಂದ. ಆಗ ಸಿಫಿಲಿಸ್, ಗೊನೋರಿಯ ರೋಗಗಳಿಗೆ ನೆಚ್ಚಿಕೊಳ್ಳಬಹುದಾದ ಮದ್ದಿರಲಿಲ್ಲ. ಗಂಡ ಎಲ್ಲಿಂದಲೋ ತಂದ ರೋಗ ಏನೂ ಅರಿಯದ ಹೆಂಡತಿಗೆ ತಗಲುತ್ತಿತ್ತು. ಹುಟ್ಟಿದ ಕೂಸು ಕುರುಡಾಗುತ್ತಿತ್ತು. ಮನೆವೈದ್ಯನಿಗೆ ಸಂಗತಿ ಗೊತ್ತಿದ್ದರೂ ಮರ್ಯಾದೆಗೆ ಅಂಜಿ ಬಾಯಿ ಬಿಡುತ್ತಿರಲಿಲ್ಲ. ನ್ಯೂಯಾರ್ಕಿನ ಚರ್ಮರೋಗ ತಜ್ಞ ಡಾಕ್ಟರ್ ಪ್ರಿನ್ಸ್ ಮಾರೋ ಈ ಮೌನವೇ ರೋಗದ ಅರ್ಧ ಕಾರಣವೆಂದು ವಾದಿಸಿ, ೧೯೦೫ರಲ್ಲಿ ಒಂದು ಸಂಘವನ್ನು ಕಟ್ಟಿದರು. ಗಮನಿಸಬೇಕಾದ ಮಾತೆಂದರೆ ಈ ಸುಧಾರಕರು ಸ್ವಚ್ಛಂದವಾದಿಗಳಲ್ಲ. ಬಹು ಕಟ್ಟುನಿಟ್ಟಿನ ಜನ. ಗಂಡಿಗೊಂದು ನೀತಿ, ಹೆಣ್ಣಿಗೊಂದು ನೀತಿ ಎಂಬ ಲೋಕರೂಢಿ ತೊಲಗಿ ಗಂಡಸೂ ಹೆಂಗಸಿನಷ್ಟೇ ಶುದ್ಧನಾಗಿರಬೇಕೆಂಬುದು ಅವರ ಹಂಬಲ. ೧೯೧೨ರಲ್ಲಿ ಅಲ್ಲಿನ ರಾಷ್ಟ್ರೀಯ ಶಿಕ್ಷಣ ಸಂಘದವರೂ ಈ ಪಾಠಕ್ಕಾಗಿ ಉಪಾಧ್ಯಾಯರನ್ನು ತರಬೇತು ಮಾಡಬೇಕೆಂದು ಸೂಚಿಸಿದರು.

ಮಾತನ್ನು ಕಾರ್ಯಕ್ಕೆ ಇಳಿಸಿದ್ದು ಷಿಕಾಗೋ ನಗರ. ಅಲ್ಲಿನ ಶಾಲೆಗಳ ಸೂಪರಿಂಟೆಂಡೆಂಟ್ ಆಗ ಶ್ರೀಮತಿ ಎಲ್ಲಾ ಫ್ಲ್ಯಾಗ್ ಯಂಗ್. ಈಕೆಯ ವಿಷಯ ಸ್ವಲ್ಪ ಹೇಳಲೇಬೇಕು. ೧೮೪೫ರಲ್ಲಿ ಹುಟ್ಟಿ, ಹದಿಹರೆಯದಲ್ಲೇ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿ ಸೇರಿ, ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ಒಂದೊಂದೇ ಮೆಟ್ಟಿಲು ಹತ್ತಿ ಬಂದವರು. ಐವತ್ತು ದಾಟಿದ ಮೇಲೆ ತತ್ತ್ವಜ್ಞಾನಿ ಜಾನ್ ಡ್ಯೂಯಿಯ ಬಳಿ ಓದಿ ೧೯೦೦ರಲ್ಲಿ ಡಾಕ್ಟರೇಟ್ ಪಡೆದರು. ೧೯೦೯ರಲ್ಲಿ ಷಿಕಾಗೋ ಶಾಲೆಗಳ ಮುಖ್ಯಾಧಿಕಾರಿಣಿಯಾದರು. ಅಂಥ ದೊಡ್ಡ ನಗರದ ಶಾಲೆಗಳನ್ನು ಆಳಿದ ಮೊದಲ ಹೆಂಗಸು ಅವರೇ. ಉಪಾಧ್ಯಾಯಿನಿಯರಿಗೆ ಆಕೆಯೆಂದರೆ ಪ್ರಾಣ. ಶಾಲಾ ಮಂಡಳಿಯ ಕೆಲವು ಗಂಡಸರಿಗೆ ಮಾತ್ರ ಅಷ್ಟಕ್ಕಷ್ಟೆ.

ಷಿಕಾಗೋದಲ್ಲಿ ವೇಶ್ಯಾವೃತ್ತಿಯನ್ನು ಕುರಿತು ನಗರವೇ ನೇಮಿಸಿದ ಸಮಿತಿಯೊಂದು ೧೯೧೧ರಲ್ಲಿ ದೊಡ್ಡ ವರದಿಯನ್ನು ಒಪ್ಪಿಸಿತ್ತು. ಆ ಸರ್ಕಾರಿ ವರದಿಯನ್ನೂ ಅಶ್ಲೀಲವೆಂದು ಅಂಚೆಯವರು ಸಾಗಿಸಲೊಲ್ಲೆವೆಂದದ್ದುಂಟು. ಅದರ ಬಿಸಿ ಆರುವ ಮುನ್ನ ಶ್ರೀಮತಿ ಯಂಗ್ ೧೯೧೩ರಲ್ಲಿ ಮಂಡಳಿಯ ಮುಂದೆ ತಮ್ಮ ಸಲಹೆಯನ್ನಿಟ್ಟರು. ಪ್ರೌಢಶಾಲೆಯ ಮಕ್ಕಳಿಗೆ ಮೂರು ಉಪನ್ಯಾಸಗಳು. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ. ಉಪಾಧ್ಯಾಯರು ಹೇಳುವುದು ಬೇಡ, ಹೊರಗಿನಿಂದ ವೈದ್ಯರು ಬಂದು ಹೇಳಲಿ. ಶರೀರದ ರಚನೆ, ಪ್ರಾಯದ ನಡತೆ, ರೋಗದ ಭಯ—ಇಷ್ಟೇ ವಿಷಯ. ತಂದೆತಾಯಿಗಳಿಗೆ ಇಷ್ಟವಿಲ್ಲದಿದ್ದರೆ ಮಗುವನ್ನು ಬಿಡಿಸಿಕೊಳ್ಳಬಹುದು. ಆ ಶರತ್ಕಾಲದಲ್ಲಿ ೨೦,೦೦೦ಕ್ಕೂ ಹೆಚ್ಚು ಮಕ್ಕಳು ಕುಳಿತು ಕೇಳಿದರು.

ಮೂರೇ ಉಪನ್ಯಾಸ! ಆದರೆ ಊರು ಎದ್ದು ಕುಳಿತಿತು. ಮಗುವಿಗೆ ಇಂಥ ಮಾತನ್ನು ಹೇಳುವ ಹಕ್ಕು ತಾಯಿತಂದೆಗೂ ಗುರುಗಳಿಗೂ ಸೇರಿದ್ದೇ ಹೊರತು ಸರ್ಕಾರಕ್ಕೆ ಸೇರಿದ್ದಲ್ಲವೆಂದು ಕ್ಯಾಥೊಲಿಕ್ ಪಾದ್ರಿಗಳು ಹೇಳಿದರು. ತಿಳಿಯದ ಮಗುವಿಗೆ ತಿಳಿಸಿ ಕೆಡಿಸಿದಂತಾಗುತ್ತದೆ ಎಂದರು ಕೆಲವರು; ಇಪ್ಪತ್ತು ಸಾವಿರ ಮಕ್ಕಳಿಗೆ ಒಟ್ಟಾಗಿ ಹೇಳುವ ಮಾತಲ್ಲ ಇದು, ಒಂದೊಂದು ಮಗುವಿನ ಮನಸ್ಸು ನೋಡಿ ಹೇಳಬೇಕಾದ್ದು ಎಂದರು ಮತ್ತೆ ಕೆಲವರು. ಈ ಕೊನೆಯ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆ ವರ್ಷವೇ ಒಂದು ಮಾಸಪತ್ರಿಕೆ ಅಮೆರಿಕದ ಗಡಿಯಾರದಲ್ಲಿ ಕಾಮದ ಗಂಟೆ ಹೊಡೆಯಿತೆಂಬ ಅರ್ಥದ ತಲೆಬರಹ ಹಾಕಿತು. ಆಗ್ನೆಸ್ ರೆಪ್ಲಿಯರ್ ಎಂಬ ಪ್ರಬಂಧಕಾರ್ತಿ ಮರುವರ್ಷ ‘ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಬರೆಯುತ್ತ, ಸಂಕೋಚ ಎಂಬ ಒಳ್ಳೆಯ ಗುಣವನ್ನು ಜನ ಕಾನೂನು ರದ್ದು ಮಾಡಿದಂತೆ ರದ್ದು ಮಾಡುತ್ತಿದ್ದಾರಲ್ಲ ಎಂದು ಮರುಗಿದರು.

೧೯೧೩ರ ಡಿಸೆಂಬರಿನಲ್ಲಿ ಮಂಡಳಿಯವರು ಶ್ರೀಮತಿ ಯಂಗ್ ಅವರನ್ನು ಮತ್ತೆ ಆರಿಸಲಿಲ್ಲ. ಅವರ ಸಹಾಯಕರನ್ನು ಆ ಜಾಗಕ್ಕೆ ತಂದರು. ಇಲಿನಾಯ್ ಸಂಸ್ಥಾನದ ಹೆಂಗಸರಿಗೆ ನಗರದ ಚುನಾವಣೆಗಳಲ್ಲಿ ಮತ ಹಾಕುವ ಹಕ್ಕು ಬಂದು ಆಗ ಆರು ತಿಂಗಳೂ ಆಗಿರಲಿಲ್ಲ. ಇದನ್ನು ಮಂಡಳಿಯವರು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ, ಮೇಯರ್ ತೆಗೆದುಕೊಂಡರು. ಹೆಂಗಸರು ಸಭೆ ಸೇರಿ ಗದ್ದಲವೆಬ್ಬಿಸಿದರು, ಜೇನ್ ಆಡಮ್ಸ್‌ರಂಥವರು ಬೆಂಬಲಕ್ಕೆ ನಿಂತರು. ಮೇಯರ್ ಹ್ಯಾರಿಸನ್ ಮಂಡಳಿಯಿಂದ ಕೆಲವರನ್ನು ಕಳಚಿ ಹೊಸಬರನ್ನು ಕೂಡಿಸಿದರು. ಆಕೆ ಮತ್ತೆ ತಮ್ಮ ಕುರ್ಚಿಗೆ ಬಂದರು. ಆದರೆ ಉಪನ್ಯಾಸಗಳು ಬರಲಿಲ್ಲ. ೧೯೧೪ರ ಆರಂಭದಲ್ಲಿ ಮಂಡಳಿ ಅವನ್ನು ನಿಲ್ಲಿಸಿಬಿಟ್ಟಿತು. ಪಾಠ ಕಲಿಸಹೊರಟವರು ಉಳಿದರು, ಪಾಠ ಹೋಯಿತು. ಆಕೆ ೧೯೧೫ರಲ್ಲಿ ನಿವೃತ್ತರಾಗಿ, ೧೯೧೮ರ ಅಕ್ಟೋಬರಿನಲ್ಲಿ, ಯುದ್ಧಸಾಲದ ಪ್ರಚಾರಕ್ಕೆಂದು ಸುತ್ತುತ್ತಿದ್ದಾಗ ಇನ್‌ಫ್ಲುಯೆಂಜ ತಗಲಿ ತೀರಿಕೊಂಡರು.

ಷಿಕಾಗೋ ಮಂಡಳಿ ಕೈಬಿಟ್ಟದ್ದನ್ನು ಸೈನ್ಯ ಕೈಗೆತ್ತಿಕೊಂಡಿತು. ಮೊದಲನೆಯ ಮಹಾಯುದ್ಧಕ್ಕೆ ಜನ ಸೇರಿಸುವಾಗ ರೋಗಿಗಳ ಸಂಖ್ಯೆ ನೋಡಿ ಸರ್ಕಾರ ಬೆಚ್ಚಿತು. ೧೯೧೮ರ ಚೇಂಬರ್‌ಲೇನ್-ಕಾನ್ ಶಾಸನದಿಂದ ಸಾರ್ವಜನಿಕ ಆರೋಗ್ಯ ಇಲಾಖೆಯಲ್ಲಿ ಮೇಹರೋಗಗಳಿಗೆಂದೇ ಒಂದು ವಿಭಾಗ ಹುಟ್ಟಿತು. ಕೇಂದ್ರ ಸರ್ಕಾರದ ಹಣ ಮೊದಲ ಬಾರಿಗೆ ಈ ಕೆಲಸಕ್ಕೆ ಹರಿಯಿತು. ಸೈನಿಕರಿಗೆ ಚಲಚ್ಚಿತ್ರ ತೋರಿಸಿದರು, ಹುಡುಗರಿಗೆ ವ್ಯಾಯಾಮ ಮಾಡುವ ಗಟ್ಟಿಮುಟ್ಟಾದ ತರುಣರ ಭಿತ್ತಿಚಿತ್ರ ತೂಗುಹಾಕಿದರು. ಇದೇ ಕಾಲದಲ್ಲಿ ಸಂಶಯದ ಮೇಲೆ ಸಾವಿರಾರು ಹೆಂಗಸರನ್ನು ಹಿಡಿದು ಕೂಡಿಹಾಕಿದ್ದೂ ಉಂಟು. ಗಂಡಸರಿಗೆ ಚಿತ್ರಪಟ, ಹೆಂಗಸರಿಗೆ ಬಂದೀಖಾನೆ: ಡಾಕ್ಟರ್ ಮಾರೋ ಬಯಸಿದ ಏಕನೀತಿ ಇದಾಗಿರಲಾರದು.

ಯುದ್ಧ ಮುಗಿದ ಮೇಲೆ ಶಾಲೆಗಳವರು ಜಾಣತನದ ದಾರಿ ಹಿಡಿದರು. ೧೯೨೨ರಲ್ಲಿ ಆರೋಗ್ಯ ಇಲಾಖೆಯವರು ಪ್ರೌಢಶಾಲೆಗಳಿಗಾಗಿ ಒಂದು ಕೈಪಿಡಿ ಹೊರಡಿಸಿದರು. ಪ್ರತ್ಯೇಕ ಪಾಠ ಎಂದರೆ ಪ್ರತ್ಯೇಕ ಜಗಳ. ಆದ್ದರಿಂದ ಜೀವಶಾಸ್ತ್ರ, ಗೃಹವಿಜ್ಞಾನ, ವ್ಯಾಯಾಮ, ಸಾಹಿತ್ಯ ಇವುಗಳಲ್ಲೇ ಬೆರಸಿ ಕೊಡಿ ಎಂಬುದು ಅದರ ಸಲಹೆ. ಕಹಿಗುಳಿಗೆಯನ್ನು ಬಾಳೆಹಣ್ಣಿನಲ್ಲಿ ಅಡಗಿಸುವ ನಮ್ಮ ಅಜ್ಜಿಯರ ಉಪಾಯವೇ. ಉಪಾಧ್ಯಾಯರು ಹೂವಿನ ಪರಾಗ, ಮೀನಿನ ಮೊಟ್ಟೆ, ಕೋಳಿಯ ಮರಿ ಇಷ್ಟರವರೆಗೆ ಧೈರ್ಯವಾಗಿ ಬರುತ್ತಿದ್ದರು. ಅಲ್ಲಿಂದ ಮುಂದೆ ಗಂಟೆ ಹೊಡೆದುಬಿಡುತ್ತಿತ್ತು.

ಇಲ್ಲಿ ನಮ್ಮ ನಾಡಿನ ಒಂದು ಸಂಗತಿ ನೆನಪಿಗೆ ಬರುತ್ತದೆ. ಸಂತಾನ ನಿಯಂತ್ರಣದ ವಸ್ತುಗಳನ್ನು ಟಪಾಲಿನಲ್ಲಿ ಕಳುಹಿಸುವುದು ಅಮೆರಿಕದಲ್ಲಿ ಇನ್ನೂ ಅಪರಾಧವಾಗಿದ್ದ ೧೯೩೦ರಲ್ಲಿ, ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲೇ ಆ ಸಲಹೆಯನ್ನು ಕೊಡುವ ಏರ್ಪಾಟಿಗೆ ಅಪ್ಪಣೆ ಮಾಡಿತ್ತು. ಅಮೆರಿಕದ ವೈದ್ಯರಿಗೆ ಆ ಸಾಧನಗಳನ್ನು ತರಿಸಿಕೊಳ್ಳುವ ಸ್ವಾತಂತ್ರ್ಯ ನ್ಯಾಯಾಲಯದ ತೀರ್ಪಿನಿಂದ ಸಿಕ್ಕಿದ್ದು ೧೯೩೬ರಲ್ಲಿ. ಹಿಂದೆ ಹೇಳಿದ ಶ್ರೀಮತಿ ಸ್ಯಾಂಗರ್ ೧೯೩೫ರಲ್ಲಿ ಭಾರತಕ್ಕೆ ಬಂದು ವಾರ್ಧಾದಲ್ಲಿ ಗಾಂಧೀಜಿಯವರೊಡನೆ ಇದೇ ವಿಷಯ ಚರ್ಚಿಸಿದರು. ಇಬ್ಬರಲ್ಲಿ ಯಾರೂ ಸೋಲಲಿಲ್ಲ, ಒಪ್ಪಲೂ ಇಲ್ಲ.

ಎರಡನೆಯ ಮಹಾಯುದ್ಧದ ಕೊನೆಗೆ ಪೆನಿಸಿಲಿನ್ ಬಂತು. ರೋಗದ ಭಯವನ್ನೇ ನೆಚ್ಚಿಕೊಂಡಿದ್ದ ಪಾಠಕ್ಕೆ ಬುಡವೇ ಸಡಿಲವಾಯಿತು. ‘ಕುಟುಂಬ ಜೀವನ’ ಎಂಬ ಹೊಸ ಹೆಸರು ಬಂತು: ಮದುವೆ, ಗೃಹಕೃತ್ಯ, ಸಂಬಳದ ಲೆಕ್ಕ, ಮಕ್ಕಳ ಪಾಲನೆ. ೧೯೪೮ರಲ್ಲಿ ಆರೆಗಾನ್ ಸಂಸ್ಥಾನದ ಶಾಲೆಗಳಲ್ಲಿ ‘ಮಾನವ ಬೆಳವಣಿಗೆ’ ಎಂಬ ಹೆಸರಿನ ಚಿಕ್ಕ ಚಲಚ್ಚಿತ್ರ ತೋರಿಸಿದರು. ಚಿತ್ರದೊಳಗೂ ಒಂದು ತರಗತಿ. ಉಪಾಧ್ಯಾಯಿನಿ ರೇಖಾಚಿತ್ರ ತೋರಿಸಿ ವಿವರಿಸಿ, ಕೊನೆಗೆ ನಿಜವಾದ ತರಗತಿಯ ಮಕ್ಕಳತ್ತ ತಿರುಗಿ ನಿಮ್ಮ ಪ್ರಶ್ನೆಗಳೇನು ಎಂದು ಕೇಳುವಂತೆ ಏರ್ಪಾಟು. ತಂದೆತಾಯಿಗಳಿಗೆ ಮೊದಲೇ ತೋರಿಸಿದ್ದರಿಂದಲೋ ಏನೋ, ದೇಶವೆಲ್ಲ ಸುದ್ದಿಯಾದರೂ ಅಲ್ಲಿ ದೊಡ್ಡ ಕದನವೇಳಲಿಲ್ಲ.

ಕದನ ಎದ್ದದ್ದು ಅರವತ್ತರ ದಶಕದಲ್ಲಿ. ೧೯೬೦ರಲ್ಲಿ ಗರ್ಭನಿರೋಧಕ ಗುಳಿಗೆಗೆ ಸರ್ಕಾರದ ಅನುಮತಿ ಸಿಕ್ಕಿತು. ೧೯೬೫ರಲ್ಲಿ, ದಂಪತಿಗಳು ಗರ್ಭನಿರೋಧ ಬಳಸುವುದನ್ನೇ ಅಪರಾಧವೆನ್ನುತ್ತಿದ್ದ ಕನೆಕ್ಟಿಕಟ್ ಸಂಸ್ಥಾನದ ೧೮೭೯ರ ಕಾನೂನನ್ನು ಸುಪ್ರೀಮ್ ಕೋರ್ಟು ಹೊಡೆದುಹಾಕಿತು. ನಡುವೆ, ೧೯೬೪ರಲ್ಲಿ, ಡಾಕ್ಟರ್ ಮೇರಿ ಕ್ಯಾಲ್ಡರೋನ್ ಲೈಂಗಿಕ ಶಿಕ್ಷಣಕ್ಕೆಂದೇ ಒಂದು ಮಂಡಲಿ ಕಟ್ಟಿದರು. ಛಾಯಾಚಿತ್ರಕಾರ ಎಡ್ವರ್ಡ್ ಸ್ಟೈಕನ್‌ರ ಮಗಳು. ಕ್ವೇಕರ್ ಪಂಥದ ಅಜ್ಜಿ. ತಲೆ ನರೆತ ಈ ಗಂಭೀರ ಮಹಿಳೆಯನ್ನು ವಿರೋಧಿಗಳು ರಾಕ್ಷಸಿಯೆಂಬಂತೆ ಚಿತ್ರಿಸಿದರು.

ಕ್ಯಾಲಿಫೋರ್ನಿಯದ ಆನಹೈಮ್ ಎಂಬ ಊರಿನ ಕಥೆ ಇಡೀ ದೇಶಕ್ಕೆ ಪಾಠವಾಯಿತು. ಡಿಸ್ನಿಲ್ಯಾಂಡಿನ ಊರದು. ಅಲ್ಲಿ ೧೯೬೫ರಲ್ಲಿ ಸೂಪರಿಂಟೆಂಡೆಂಟ್ ಪಾಲ್ ಕುಕ್, ಶಾಲಾ ದಾದಿ ಸ್ಯಾಲಿ ವಿಲಿಯಮ್ಸ್ ಇವರ ಉಸ್ತುವಾರಿಯಲ್ಲಿ ಏಳರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ ನಾಲ್ಕೂವರೆ ವಾರಗಳ ಪಾಠ ಆರಂಭವಾಯಿತು. ಮೊದಲು ತಂದೆತಾಯಿಗಳ ಅಭಿಪ್ರಾಯ ಕೇಳಿದ್ದರು. ಬಹುಪಾಲು ಜನ ಆಗಲೆಂದಿದ್ದರು. ಒಪ್ಪಿಗೆಯಿಲ್ಲದ ಮಕ್ಕಳು ಹೊರಗಿರಬಹುದಾಗಿತ್ತು. ಹಾಗೆ ಹೊರಗುಳಿದವರು ಬಹು ಕಡಮೆ. ಪಾಠದ ವಿಧಾನ ಮಾತ್ರ ಹೊಸದು. ಉಪಾಧ್ಯಾಯರು ತೀರ್ಪು ಕೊಡುವುದಿಲ್ಲ. ಮಕ್ಕಳೇ ಚರ್ಚಿಸಿ ತಮ್ಮ ನಿರ್ಧಾರಕ್ಕೆ ಬರಬೇಕು. ಪಾಠವೆಲ್ಲ ಮದುವೆ ಸಂಸಾರಗಳ ಕಡೆಗೇ ಒಲಿದದ್ದಾದರೂ ಈ ‘ಮಕ್ಕಳೇ ನಿರ್ಧರಿಸಲಿ’ ಎಂಬ ಮಾತು ಕೆಲವು ಹಿರಿಯರ ಎದೆಗೆ ನಾಟಿತು. ಸರಿತಪ್ಪುಗಳನ್ನು ಹೇಳದ ಗುರು ಗುರುವೆ ಎಂದು ಅವರು ಕೇಳಿದರು. ಆ ಪ್ರಶ್ನೆಯನ್ನು ನಮ್ಮ ಊರಿನ ಯಾವ ಮನೆಯ ಜಗುಲಿಯ ಮೇಲಾದರೂ ಕೇಳಬಹುದು.

೧೯೬೮ರಿಂದ ಸಭೆಗಳು ಸೇರಿದವು, ಊರಿನ ಪತ್ರಿಕೆ ದಿನದಿನವೂ ಕಿಡಿ ಕಾರಿತು. ದೂರದ ಟಲ್ಸಾ ನಗರದಿಂದ ಪಾದ್ರಿ ಬಿಲ್ಲಿ ಜೇಮ್ಸ್ ಹಾರ್ಗಿಸ್ ಅವರ ಸಂಸ್ಥೆ ಹೊರಡಿಸಿದ ಒಂದು ಕಿರುಹೊತ್ತಗೆ ಮನೆಮನೆ ಸೇರಿತು. ೧೯೬೯ರಲ್ಲಿ ಜಾನ್ ಬರ್ಚ್ ಸೊಸೈಟಿಯವರು ಇದೆಲ್ಲ ಕಮ್ಯೂನಿಸ್ಟರ ಹೂಟವೆಂದು ಸಾರಿದರು. ಸೋವಿಯೆತ್ ರಷ್ಯದ ಶಾಲೆಗಳೇ ಈ ವಿಷಯದಲ್ಲಿ ಬಾಯಿ ಬಿಡುತ್ತಿರಲಿಲ್ಲವೆಂಬುದು ಅವರಿಗೆ ಅಡ್ಡಿಯಾಗಲಿಲ್ಲ! ನಡೆಯದೇ ಇದ್ದ ಸಂಗತಿಗಳು ನಡೆದವೆಂದು ಊರಿಂದೂರಿಗೆ ಹಬ್ಬಿದವು. ತರಗತಿಯಲ್ಲಿ ಉಪಾಧ್ಯಾಯಿನಿ ಬಟ್ಟೆ ಬಿಚ್ಚಿದಳೆಂಬ ವದಂತಿಯನ್ನು ಎಷ್ಟೋ ಊರುಗಳವರು ಪಕ್ಕದೂರಿನಲ್ಲಿ ನಡೆದದ್ದೆಂದು ಹೇಳುತ್ತಿದ್ದರು. ೧೯೬೯ರ ಏಪ್ರಿಲಿನ ಮಂಡಳಿಯ ಚುನಾವಣೆಯಲ್ಲಿ ವಿರೋಧಿಗಳು ಗೆದ್ದರು. ಕುಕ್ ಹೋದರು, ಪಾಠ ಕ್ಷೀಣಿಸಿ ಹೆಸರಿಗಷ್ಟೇ ಉಳಿಯಿತು. ಬಹುಪಾಲು ಜನ ಒಪ್ಪಿದ ಪಾಠ ಹೇಗೆ ಸೋತಿತು ಎಂದರೆ, ಒಪ್ಪಿದವರು ಮನೆಯಲ್ಲಿದ್ದರು, ಒಪ್ಪದವರು ಸಭೆಗೆ ಬಂದರು.

ಇದಾದ ಮೇಲೆ ಸಂಸ್ಥಾನಗಳು ಶಾಸನ ಮಾಡತೊಡಗಿದವು. ಅವುಗಳ ನಡುವಣ ಅಂತರ ಕಂಡರೆ ಇವೆಲ್ಲ ಒಂದೇ ದೇಶದವೆ ಎಂಬ ಅನುಮಾನ ಬರುತ್ತದೆ. ಮಿಷಿಗನ್ ಕಾನೂನಿನಂತೆ ಶರೀರಧರ್ಮವನ್ನು ಹೇಳಬಹುದು, ಸಂತಾನ ನಿಯಂತ್ರಣ ಎಂಬ ಮಾತನ್ನು ಎತ್ತಕೂಡದು. ೧೯೭೪ರಲ್ಲಿ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು, ೧೯೭೭ರಲ್ಲಿ ಶಾಸನಸಭೆಯೇ ಸಡಿಲಿಸಿತು. ಲೂಯಿಸಿಯಾನದಲ್ಲಿ ೧೯೭೯ರವರೆಗೆ ಈ ಪಾಠವೇ ನಿಷಿದ್ಧ. ನ್ಯೂಜರ್ಸಿಯಲ್ಲಿ ಇದಕ್ಕೆ ತಿರುಗುಮುರುಗು: ಅಲ್ಲಿನ ವಿದ್ಯಾಮಂಡಳಿ ೧೯೮೦ರಲ್ಲಿ ಎಲ್ಲ ಶಾಲೆಗಳಲ್ಲೂ ಕಡ್ಡಾಯ ಮಾಡಿತು. ಧರ್ಮಕ್ಕೆ ವಿರುದ್ಧವೆಂದು ಪೋಷಕರು ದಾವೆ ಹೂಡಿದರು. ಬೇಡವೆನ್ನುವ ಮಗುವನ್ನು ಬಿಡಿಸಿಕೊಳ್ಳುವ ಅವಕಾಶವಿರುವಾಗ ಯಾರ ಧರ್ಮಕ್ಕೂ ಕುಂದಿಲ್ಲವೆಂದು ೧೯೮೨ರಲ್ಲಿ ಸಂಸ್ಥಾನದ ಉಚ್ಚ ನ್ಯಾಯಾಲಯ ತೀರ್ಪಿತ್ತಿತು.

ಈ ‘ಬಿಡಿಸಿಕೊಳ್ಳುವ ಅವಕಾಶ’ವೇ ಇಡೀ ಕಾನೂನಿನ ತಿರುಗಣಿ. ಅದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಶಾಲೆ ಮನೆಗೆ ಚೀಟಿ ಕಳುಹಿಸುತ್ತದೆ. ಪಾಠ ಬೇಡವೆಂದಾದರೆ ತಾಯಿತಂದೆ ಬರೆದು ಕೊಡಬೇಕು, ಸುಮ್ಮನಿದ್ದರೆ ಒಪ್ಪಿದಂತೆ. ಕ್ಯಾಲಿಫೋರ್ನಿಯದಲ್ಲಿ ಆನಹೈಮಿನ ಗಲಭೆಯ ಬೆನ್ನಿಗೆ ೧೯೬೯ರಲ್ಲಿ ಬಂದ ಷ್ಮಿಟ್ಜ್ ಶಾಸನ ಈ ಬಗೆಯದು. ಎರಡನೆಯದರಲ್ಲಿ ಬೇಕೆಂದಾದರೆ ಬರೆದು ಕೊಡಬೇಕು, ಸುಮ್ಮನಿದ್ದರೆ ಬೇಡವೆಂದಂತೆ. ನೆವಾಡ, ಯೂಟಾ ಸಂಸ್ಥಾನಗಳು ಈ ದಾರಿ ಹಿಡಿದವು. ಕಾಗದದ ಮೇಲೆ ಎರಡಕ್ಕೂ ಹೆಚ್ಚು ಭೇದವಿಲ್ಲ. ಆದರೆ ಶಾಲೆಯ ಚೀಟಿ ಮನೆಗೆ ತಲಪುವ ರೀತಿ ಮಕ್ಕಳಿರುವವರಿಗೆಲ್ಲ ಗೊತ್ತು: ಪುಸ್ತಕದ ಚೀಲದ ತಳದಲ್ಲಿ ಮುದುಡಿಹೋಗುತ್ತದೆ. ಅಥವಾ ತಾಯಿ ಎರಡು ಕಡೆ ಕೆಲಸ ಮಾಡಿ ರಾತ್ರಿ ಬರುವವಳು. ಅಥವಾ ಇಂಗ್ಲಿಷ್ ಓದಲಾರದವಳು. ಹಾಗಾದಾಗ ಯಾವ ಮಗುವಿಗೆ ಮನೆಯಲ್ಲಿ ಹೇಳುವವರಿಲ್ಲವೋ ಅದೇ ಮಗು ಶಾಲೆಯಲ್ಲೂ ಕೇಳದೆ ಉಳಿಯುತ್ತದೆ. ನನ್ನ ಮಟ್ಟಿಗೆ ಮೊದಲನೆಯ ಬಗೆಯೇ ನ್ಯಾಯವೆಂದು ತೋರುತ್ತದೆ. ಆದರೆ ಮೌನವನ್ನು ಒಪ್ಪಿಗೆಯೆಂದು ಸರ್ಕಾರ ಎಣಿಸಬಾರದು ಎಂಬುವರ ಮಾತನ್ನೂ ತಳ್ಳಿಹಾಕುವಂತಿಲ್ಲ.

೧೯೮೧ರಲ್ಲಿ ಕೇಂದ್ರ ಸರ್ಕಾರ ಕಣಕ್ಕಿಳಿಯಿತು. ಅಮೆರಿಕದ ಕೇಂದ್ರ ಶಿಕ್ಷಣ ಇಲಾಖೆ ಶಾಲೆಗಳ ಪಠ್ಯಕ್ರಮವನ್ನು ನಿರ್ದೇಶಿಸಕೂಡದೆಂದು ಕಾನೂನೇ ಇದೆ. ಪಾಠ ಬರೆಯುವಂತಿಲ್ಲ, ನಿಜ; ಆದರೆ ಆರೋಗ್ಯ ಇಲಾಖೆಯ ಮೂಲಕ ಹಣ ಕೊಡಬಹುದಲ್ಲ? ಆ ವರ್ಷದ ಶಾಸನವೊಂದು ತರುಣರಲ್ಲಿ ಸಂಯಮವನ್ನು ಬೋಧಿಸುವ ಸಂಸ್ಥೆಗಳಿಗೆ ಧನಸಹಾಯ ತಂದಿತು.

ಅದೇ ವರ್ಷ ಏಡ್ಸ್ ರೋಗದ ಮೊದಲ ವರದಿಗಳೂ ಬಂದವು. ಅಧ್ಯಕ್ಷ ರೇಗನ್‌ರ ಕಾಲದ ಮುಖ್ಯ ಆರೋಗ್ಯಾಧಿಕಾರಿ ಡಾಕ್ಟರ್ ಎವರೆಟ್ ಕೂಪ್. ಮಕ್ಕಳ ಶಸ್ತ್ರವೈದ್ಯರೆಂದು ಹೆಸರಾದವರು, ಕಟ್ಟಾ ಕ್ರೈಸ್ತರು, ಗರ್ಭಪಾತದ ಕಡುವಿರೋಧಿ. ಸಂಪ್ರದಾಯಸ್ಥರು ನಮ್ಮವನೆಂದು ಇವರನ್ನು ತಂದು ಕೂಡಿಸಿದ್ದರು. ೧೯೮೬ರ ಅಕ್ಟೋಬರಿನಲ್ಲಿ ಕೂಪ್ ಏಡ್ಸ್ ಕುರಿತು ತಮ್ಮ ವರದಿ ಹೊರಡಿಸಿದಾಗ ಕರೆತಂದವರೇ ಕಂಗಾಲಾದರು. ಸಾಧ್ಯವಾದಷ್ಟು ಚಿಕ್ಕ ತರಗತಿಯಿಂದಲೇ ಶಾಲೆಯಲ್ಲಿ ಈ ವಿಷಯ ತಿಳಿಸಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಸಂಯಮವೇ ಮೇಲು, ಆದರೆ ಸಂಯಮ ಸಾಧಿಸದವನೂ ಸಾಯಬಾರದು—ಇದು ಅವರ ನಿಲುವಿನ ಸಾರ. ನೀವು ಧರ್ಮಾಧಿಕಾರಿಯೆ, ವೈದ್ಯರೆ ಎಂದು ಕೇಳಿದವರಿಗೆ ತಾವು ದೇಶದ ವೈದ್ಯನೆಂದೇ ಹೇಳುತ್ತಿದ್ದರು. ೧೯೮೮ರಲ್ಲಿ ಎಂಟು ಪುಟಗಳ ತಿಳುವಳಿಕೆಯ ಪತ್ರ ಸುಮಾರು ೧೦.೭ ಕೋಟಿ ಪ್ರತಿಗಳಲ್ಲಿ ಅಚ್ಚಾಗಿ ಅಮೆರಿಕದ ಮನೆಮನೆಗೂ ಹೋಯಿತು. ಕೊಂಡೊಯ್ದದ್ದು ಯಾರು? ಅಂಚೆಯವರೇ.

ಭಯ ಮತ್ತೊಮ್ಮೆ ಬಾಯಿ ಬಿಡಿಸಿತು. ಕೆಲವೇ ವರ್ಷಗಳಲ್ಲಿ ಬಹುಪಾಲು ಸಂಸ್ಥಾನಗಳು ಏಡ್ಸ್ ಪಾಠವನ್ನು ಕಡ್ಡಾಯ ಮಾಡಿದವು. ನಮ್ಮ ದೇಶದಲ್ಲೂ ಈ ಮಾತು ಶಾಲೆಯ ಬಾಗಿಲಿಗೆ ಬಂದದ್ದು ಏಡ್ಸ್ ನಿಯಂತ್ರಣದ ಹಿಂದೆಯೇ. ಕೇಂದ್ರ ಸರ್ಕಾರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ೨೦೦೭ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಬೇಡವೆಂದು ತಡೆದವು. ಷಿಕಾಗೋದಲ್ಲಿ ೧೯೧೩ರಲ್ಲಿ ಕೇಳಿಬಂದ ಆಕ್ಷೇಪಣೆಗಳನ್ನೇ ಆಗ ನಮ್ಮ ಪತ್ರಿಕೆಗಳಲ್ಲೂ ಓದಬಹುದಾಗಿತ್ತು.

೧೯೯೬ರಲ್ಲಿ ಅಮೆರಿಕದ ಕಾಂಗ್ರೆಸ್ ಬಡವರ ಸಹಾಯಧನದ ಕಾನೂನನ್ನು ತಿದ್ದುತ್ತಿದ್ದಾಗ, ಕೊನೆಯ ಘಟ್ಟದಲ್ಲಿ, ಹೆಚ್ಚು ಚರ್ಚೆಯೇ ಇಲ್ಲದೆ ಅದರೊಳಕ್ಕೆ ಒಂದು ವಿಧಿ ಸೇರಿತು. ಮದುವೆಯವರೆಗೆ ಸಂಯಮ ಎಂಬುದನ್ನೇ ಏಕೈಕ ಉದ್ದೇಶವಾಗಿ ಬೋಧಿಸಲು ವರ್ಷಕ್ಕೆ ೫ ಕೋಟಿ ಡಾಲರು. ಕೇಂದ್ರದ ನಾಲ್ಕು ಡಾಲರಿಗೆ ಸಂಸ್ಥಾನ ಮೂರು ಡಾಲರು ಹಾಕಬೇಕು. ಎಂಟು ಅಂಶಗಳ ವ್ಯಾಖ್ಯೆಯನ್ನೂ ಕಾನೂನೇ ಬರೆದುಕೊಟ್ಟಿತು. ಕ್ಯಾಲಿಫೋರ್ನಿಯ ಈ ಹಣವನ್ನು ಮುಟ್ಟಲಿಲ್ಲ. ಉಳಿದವರು ಬಹುಮಟ್ಟಿಗೆ ಕೈಚಾಚಿದರು. ಹತ್ತು ವರ್ಷಗಳಾದ ಮೇಲೆ ಕಾಂಗ್ರೆಸ್ಸೇ ಅಪ್ಪಣೆ ಮಾಡಿಸಿದ್ದ ಪರಿಶೀಲನೆಯ ವರದಿ ೨೦೦೭ರಲ್ಲಿ ಹೊರಬಂತು. ನಾಲ್ಕು ಕಡೆಗಳ ೨,೦೦೦ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ್ದರು. ಪಾಠ ಕೇಳಿದವರಲ್ಲೂ ಕೇಳದವರಲ್ಲೂ ಸಂಯಮದಿಂದಿದ್ದವರು ಸಮಸಮ, ಸುಮಾರು ಅರ್ಧದಷ್ಟು. ಉಳಿದವರು ತಪ್ಪಿದ ಸರಾಸರಿ ವಯಸ್ಸೂ ಒಂದೇ, ೧೪.೯ ವರ್ಷ. ೨೦೦೯ರ ಹೊತ್ತಿಗೆ ಅರ್ಧಕ್ಕೆ ಹತ್ತಿರ ಸಂಸ್ಥಾನಗಳು ಹಣ ಬೇಡವೆಂದಿದ್ದವು. ೨೦೧೦ರಲ್ಲಿ ಸಂಯಮವನ್ನೂ ಗರ್ಭನಿರೋಧವನ್ನೂ ಸೇರಿಸಿ ಹೇಳುವ ಪಾಠಗಳಿಗೆ ಬೇರೆ ಹಣ ಬಂತು. ಹಳೆಯ ಹಣವೂ ನಿಲ್ಲಲಿಲ್ಲ. ೨೦೧೮ರಲ್ಲಿ ಅದಕ್ಕೆ ಹೊಸ ಹೆಸರಿಟ್ಟರು.

ಇತ್ತ ೧೫ರಿಂದ ೧೯ ವರ್ಷದ ಹುಡುಗಿಯರು ಹೆರುವ ಪ್ರಮಾಣ ಇಳಿಯುತ್ತಲೇ ಬಂತು. ೧೯೫೭ರಲ್ಲಿ ಸಾವಿರಕ್ಕೆ ೯೬ ಇತ್ತು—ಆದರೆ ಅಂದಿನ ಆ ತಾಯಂದಿರಲ್ಲಿ ಬಹುಮಂದಿ ಮದುವೆಯಾದವರು. ೧೯೯೧ರಲ್ಲಿ ಸುಮಾರು ೬೨. ೨೦೨೩ರಲ್ಲಿ ಸುಮಾರು ೧೩. ಇದು ನಮ್ಮ ಪಾಠದ ಫಲವೆಂದು ಎರಡು ಪಕ್ಷದವರೂ ಹೇಳಿಕೊಂಡದ್ದುಂಟು. ಒಳ್ಳೆಯ ಗರ್ಭನಿರೋಧ ಸಾಧನಗಳು ಬಳಕೆಗೆ ಬಂದದ್ದು ಮುಖ್ಯ ಕಾರಣವೆಂದು ಪರಿಶೀಲಿಸಿದವರ ಅಭಿಪ್ರಾಯ.

ಸಂಸ್ಥಾನಗಳ ದಾರಿ ಇಂದಿಗೂ ಬೇರೆ ಬೇರೆಯೇ. ಮಿಸಿಸಿಪಿಯ ೨೦೧೧ರ ಶಾಸನದಂತೆ ಪ್ರತಿ ಶಾಲಾ ಜಿಲ್ಲೆಯೂ ಬರಿಯ ಸಂಯಮ ಅಥವಾ ಸಂಯಮದ ಮೇಲೊಂದಿಷ್ಟು ಎಂಬ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಹುಡುಗರು ಹುಡುಗಿಯರು ಬೇರೆ ಕೂರಬೇಕು. ಮನೆಯ ಒಪ್ಪಿಗೆ ಮೊದಲು ಬರಬೇಕು. ಕ್ಯಾಲಿಫೋರ್ನಿಯ ೨೦೧೫ರಲ್ಲಿ ವೈದ್ಯಶಾಸ್ತ್ರಕ್ಕೆ ಒಪ್ಪುವ ಸಮಗ್ರ ಪಾಠವನ್ನು ಕಡ್ಡಾಯಗೊಳಿಸಿತು. ಅಲಬಾಮದಲ್ಲಿ ಸಲಿಂಗರತಿ ಸಮಾಜಕ್ಕೆ ಒಪ್ಪದ್ದೆಂದು ಮಕ್ಕಳಿಗೆ ಹೇಳಬೇಕೆಂಬ ನಿಯಮ ೨೦೨೧ರವರೆಗೆ ಕಾನೂನಿನ ಪುಸ್ತಕದಲ್ಲಿತ್ತು. ಫ್ಲಾರಿಡ ಮರುವರ್ಷವೇ ಚಿಕ್ಕ ತರಗತಿಗಳಲ್ಲಿ ಆ ಮಾತನ್ನು ಪಾಠ ಮಾಡಕೂಡದೆಂದಿತು. ವಾಷಿಂಗ್‌ಟನ್ ಸಂಸ್ಥಾನದವರು ೨೦೨೦ರ ನವೆಂಬರಿನಲ್ಲಿ ಪ್ರಶ್ನೆಯನ್ನು ನೇರವಾಗಿ ಜನರ ಮುಂದಿಟ್ಟರು. ಒಂದಿಡೀ ಸಂಸ್ಥಾನ ಈ ವಿಷಯದಲ್ಲಿ ಮತ ಹಾಕಿದ್ದು ಅದೇ ಮೊದಲು. ನೂರಕ್ಕೆ ಸುಮಾರು ೫೮ ಮಂದಿ ಪಾಠ ಬೇಕೆಂದರು.

ಚೀಟಿಯ ಜಗಳ ಕೊನೆಗೆ ಸುಪ್ರೀಮ್ ಕೋರ್ಟನ್ನೂ ತಲಪಿತು. ಮೇರಿಲ್ಯಾಂಡ್ ಸಂಸ್ಥಾನದ ಮಾಂಟ್‌ಗೊಮರಿ ಜಿಲ್ಲೆಯಲ್ಲಿ ಲೈಂಗಿಕ ಶಿಕ್ಷಣದ ತರಗತಿಯಿಂದ ಮಗುವನ್ನು ಬಿಡಿಸಿಕೊಳ್ಳುವ ಹಕ್ಕು ಮೊದಲಿನಿಂದ ಇತ್ತು. ಆದರೆ ೨೦೨೨ರಲ್ಲಿ ಮಂಡಳಿಯವರು ಸಲಿಂಗ ದಂಪತಿಗಳೂ ಅಂಥ ಪಾತ್ರಗಳೂ ಬರುವ ಚಿತ್ರಕಥೆಯ ಪುಸ್ತಕಗಳನ್ನು ಪುಟ್ಟ ಮಕ್ಕಳ ಭಾಷಾಪಾಠಕ್ಕೆ ಸೇರಿಸಿದರು. ಮೊದಮೊದಲು ಬೇಡವೆಂದವರ ಮಕ್ಕಳನ್ನು ಹೊರಗೆ ಬಿಡುತ್ತಿದ್ದರು. ೨೦೨೩ರ ಮಾರ್ಚಿನಲ್ಲಿ ಆ ಅವಕಾಶವನ್ನು ತೆಗೆದುಹಾಕಿದರು. ಮುಸಲ್ಮಾನ, ಕ್ಯಾಥೊಲಿಕ್, ಆರ್ಥೊಡಾಕ್ಸ್ ಕ್ರೈಸ್ತ ಮನೆಗಳವರು ಒಟ್ಟಿಗೆ ದಾವೆ ಹೂಡಿದರು. ಕಥೆ ಕೇಳುವುದರಿಂದ ಧರ್ಮ ಕೆಡುವುದಿಲ್ಲ, ಒಬ್ಬೊಬ್ಬರಿಗೂ ಚೀಟಿ ಕಳುಹಿಸುತ್ತ ಕೂತರೆ ಶಾಲೆ ನಡೆಯುವುದಿಲ್ಲ ಎಂಬುದು ಮಂಡಳಿಯ ವಾದ. ಮಗು ತಮ್ಮದು, ಶ್ರದ್ಧೆಯೂ ತಮ್ಮದು ಎಂಬುದು ಪೋಷಕರದು. ೨೦೨೫ರ ಜೂನ್ ೨೭ರಂದು ಆರು ಮಂದಿ ನ್ಯಾಯಮೂರ್ತಿಗಳು ಪೋಷಕರ ಪರವಾಗಿಯೂ ಮೂವರು ವಿರುದ್ಧವಾಗಿಯೂ ತೀರ್ಪಿತ್ತರು: ಮೊಕದ್ದಮೆ ಮುಗಿಯುವವರೆಗೆ, ಆ ಪುಸ್ತಕಗಳನ್ನು ತೆರೆಯುವ ಮುಂಚೆ ಶಾಲೆಯವರು ಮನೆಗೆ ತಿಳಿಸಬೇಕು, ಬೇಡವೆಂದವರ ಮಗುವನ್ನು ಹೊರಗೆ ಕಳುಹಿಸಬೇಕು.